ಸಿದ್ಧ ಜಾಲತಾಣ ವಿನ್ಯಾಸ: ಅಳವಡಿಸುವಾಗ ಎಚ್ಚರ

ಬೆಲ್ಲ, ಜೇನು, ಕಸಿ ಸಸಿ ಮಾರುವ ರೈತರು ಜಾಲತಾಣಕ್ಕೆ ಸಿದ್ಧ ಥೀಮ್ ಬಳಸಿದರೆ ಖರ್ಚು ಕಡಿಮೆ. ಆದರೆ ವರ್ಡ್‌ಪ್ರೆಸ್‌ನಲ್ಲಿ ಮೂಲ ಥೀಮಿನ ಕಡತಗಳನ್ನೇ ತಿದ್ದಿದರೆ, ಮುಂದೆ ಥೀಮ್ ನವೀಕರಿಸಿದಾಗ ಆ ತಿದ್ದುಪಡಿಗಳು ಅಳಿಸಿಹೋಗುತ್ತವೆ. ನವೀಕರಿಸದಿದ್ದರೆ ಸುರಕ್ಷತಾ ದೋಷಗಳು ಉಳಿಯುತ್ತವೆ. ಇದಕ್ಕೆ ಪರಿಹಾರ ‘ಚೈಲ್ಡ್ ಥೀಮ್’. ಬೇರುಸಸಿಯ ಮೇಲೆ ಕಸಿ ಕಟ್ಟಿದಂತೆ, ಮೂಲ ಥೀಮನ್ನು ಉಳಿಸಿಕೊಂಡು ಬದಲಾವಣೆಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಇಡುವ ಕ್ರಮವಿದು.

ಅನುಸರಿಸಬೇಕಾದ ಕ್ರಮಗಳು:

1. ಮೊದಲು ಜಾಲತಾಣದ ಪೂರ್ಣ ಪ್ರತಿ ತೆಗೆದಿಡಿ.
2. ಚೈಲ್ಡ್ ಥೀಮಿನ ‘ಸ್ಟೈಲ್.ಸಿಎಸ್‌ಎಸ್’ ಕಡತದಲ್ಲಿ, ‘ಟೆಂಪ್ಲೇಟ್’ ಎಂಬ ಸಾಲಿನಲ್ಲಿ ಮೂಲ ಥೀಮಿನ ಫೋಲ್ಡರ್ ಹೆಸರನ್ನು ತಪ್ಪಿಲ್ಲದೆ ಬರೆಯಿರಿ.
3. ಮಾದರಿ ಚಿತ್ರ, ಬರಹಗಳನ್ನು ತೆಗೆದು ನಿಮ್ಮ ಉತ್ಪನ್ನ, ಬೆಲೆ, ದೂರವಾಣಿ ಸಂಖ್ಯೆ ಸೇರಿಸಿ.
4. ಮೊಬೈಲಿನಲ್ಲಿಯೂ ತೆರೆದು ನೋಡಿ.

ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಜಾಲತಾಣದ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿರಲಿ. ಪಾಸ್‌ವರ್ಡ್‌ಗಳು ನಿಮ್ಮ ಕೈಯಲ್ಲಿರಲಿ.