ಯಾವ ಕೋಲಿನ ಕ್ರೆಡಿಟ್? ಶಾಸನ ಓದಲು ಹೊರಟವರಿಗೆ ಪದವಿ ಮತ್ತು ಪ್ರವೇಶದ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಶಾಸನ ನೋಡಲು ಹೋದಾಗೆಲ್ಲ ಕಾಲೇಜು ಓದುವ ಹುಡುಗ ಹುಡುಗಿಯರು ಒಂದಿಬ್ಬರು ಜೊತೆಗೆ ಬರ್ತಾರೆ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಓರೆ ಬೆಳಕಿನಲ್ಲಿ ಅಕ್ಷರ ಮೂಡೋದನ್ನ ನೋಡಿದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, ಇದನ್ನ ಓದೋಕೆ ಯಾವ ಕೋರ್ಸ್ ಮಾಡ್ಬೇಕು? ನಾನು ಬಿ.ಕಾಂ., ನಂಗೆ ಸೀಟು ಸಿಗತ್ತಾ?" ನಾನು ಇಂಜಿನಿಯರ್. ಶಾಸನವನ್ನು ಪುಸ್ತಕ ಮತ್ತು ಕಲ್ಲುಗಳ ಮುಂದೆ ಕೂತು ಕಲಿತವನು, ಆ ವಿಷಯದಲ್ಲಿ ಪದವಿ ಪಡೆದವನಲ್ಲ. ಆದ್ದರಿಂದಲೇ ಪದವಿ ಎಲ್ಲಿ ಬೇಕಾಗುತ್ತದೆ, ಎಲ್ಲಿ ಬೇಕಾಗುವುದಿಲ್ಲ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿದ್ದೇನೆ. ಆ ಲೆಕ್ಕ ಇಲ್ಲಿದೆ.

ಈ ಭಾಗದಲ್ಲಿ ಇದು ಹುಡುಗಾಟದ ಪ್ರಶ್ನೆ ಅಲ್ಲ. ಇಲ್ಲಿ ಫೀಸು ಬರೋದು ಕೊಬ್ಬರಿ ದುಡ್ಡಿನಿಂದ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಇಟ್ಟು, ಸುಲಿದು, ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಹಾಕಿದ ಮೇಲೆ ಮನೆಗೆ ಹಣ ಕಾಣೋದು. ಹೆಸರು ನೋಡಿ ಒಂದು ಕೋರ್ಸಿಗೆ ಸೇರಿ, ಎರಡು ವರ್ಷದ ಮೇಲೆ "ಇದು ಆ ಕೆಲಸಕ್ಕೆ ನಡೆಯಲ್ಲ" ಅಂತ ಗೊತ್ತಾದರೆ ಹೋಗೋದು ಎರಡು ವರ್ಷದ ಫಸಲು.

ಅಳತೆಗೆ ಮೊದಲು ಅಳತೆಗೋಲು

ದಾನಶಾಸನ ಓದುವ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯಿಂದ ಶುರು ಮಾಡೋಣ. ಶಾಸನದಲ್ಲಿ "ಮತ್ತರು ಹನ್ನೆರಡು" ಅಂತ ಇದ್ದ ಮಾತ್ರಕ್ಕೆ ಭೂಮಿ ಎಷ್ಟು ಅಂತ ಗೊತ್ತಾಗಲ್ಲ. ಮತ್ತರು ಊರಿಂದ ಊರಿಗೆ ಬೇರೆ. ಅದಕ್ಕೇ ಬರೆಸಿದವರು ಹಲವು ಕಡೆ ಯಾವ ಕೋಲಿನಲ್ಲಿ ಅಳೆದದ್ದು ಅಂತಲೂ ಹೇಳಿರ್ತಾರೆ. ಬಳ್ಳಿಗಾವೆ ಕಡೆಯ ಶಾಸನಗಳ "ಭೇರುಂಡ ಗಳೆ" ಇದಕ್ಕೆ ಪ್ರಸಿದ್ಧ ಉದಾಹರಣೆ. ಕೋಲಿನ ಹೆಸರಿಲ್ಲದ ಅಳತೆ ಅರ್ಧ ಮಾಹಿತಿ ಮಾತ್ರ.

ಇವತ್ತಿನ ಕ್ರೆಡಿಟ್ ಕೂಡ ಹಾಗೇ. "20 ಕ್ರೆಡಿಟ್ ಕೋರ್ಸ್" ಅಂತ ಜಾಹೀರಾತು ನೋಡಿದರೆ ಮೊದಲು ಕೇಳಬೇಕಾದ್ದು: ಯಾವ ಕೋಲು? ಅಂದರೆ ಕ್ರೆಡಿಟ್ ಕೊಡುವವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು, ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು.

ಯುಜಿಸಿ ಕೋಲು ಹೀಗಿದೆ. ತರಗತಿಯ ಪಾಠವಾದರೆ 15 ಗಂಟೆಗೆ 1 ಕ್ರೆಡಿಟ್. ಪ್ರಾಯೋಗಿಕ ಕೆಲಸ ಅಥವಾ ಕ್ಷೇತ್ರಕಾರ್ಯವಾದರೆ 30 ಗಂಟೆಗೆ 1. ಒಂದು ಸೆಮಿಸ್ಟರಿಗೆ ಸುಮಾರು ಹದಿನೈದು ವಾರ ಅಂತ ಹಿಡಿದರೆ, ವಾರಕ್ಕೆ ನಾಲ್ಕು ಗಂಟೆ ಪಾಠ ಇರುವ ಪತ್ರಿಕೆ 4 ಕ್ರೆಡಿಟ್ ಆಗತ್ತೆ, ಅಂದರೆ 60 ಗಂಟೆ. ವರ್ಷಕ್ಕೆ 40 ಕ್ರೆಡಿಟ್ ಮಾಮೂಲಿ. ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್‌ಗೆ 160 ಎಂದು ಯುಜಿಸಿ 2022ರ ಚೌಕಟ್ಟು ಹೇಳುತ್ತದೆ.

ಇನ್ನೊಂದು ಮಾತು. ಕ್ರೆಡಿಟ್ ಅಳೆಯೋದು ಸಮಯವನ್ನು. ಎಷ್ಟು ಚೆನ್ನಾಗಿ ಕಲಿತಿರಿ ಅನ್ನೋದನ್ನ ಹೇಳೋದು ಗ್ರೇಡು. ಎರಡನ್ನೂ ಬೆರೆಸಬಾರದು. ದಾನಶಾಸನದಲ್ಲಿ ಭೂಮಿಯ ವಿಸ್ತೀರ್ಣ ಬೇರೆ, ಅದು ಗದ್ದೆಯೋ ಬೆದ್ದಲೋ ಅನ್ನೋದು ಬೇರೆ ಇದ್ದ ಹಾಗೆ.

ಹಳೆಯ ಶಾಲೆಗಳು ಏನನ್ನು ಲೆಕ್ಕ ಇಟ್ಟವು?

ವಿದ್ಯಾಸಂಸ್ಥೆಯ ಲೆಕ್ಕ ಬರೆದಿಡೋದು ನಮಗೆ ಹೊಸದಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನ ಕ್ರಿ.ಶ. 945ರದ್ದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ 27 ವಸತಿಗಳು, ದೀಪಕ್ಕೆ ಬೇರೆಯಾಗಿ ಭೂಮಿ. ಊರವರ ಪಾಲೂ ಇತ್ತು: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಫೀಸು ಕೊಡುತ್ತಿದ್ದದ್ದು ವಿದ್ಯಾರ್ಥಿ ಅಲ್ಲ, ಊರು.

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಕ್ರಿ.ಶ. 1058ರ ಶಾಸನ ಇನ್ನೂ ಖಚಿತ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ನೋಡಿಕೊಳ್ಳುವ ಸರಸ್ವತೀಭಂಡಾರಿಕರು 6. ಇವತ್ತಿನ ಮಾತಿನಲ್ಲಿ ಹೇಳೋದಾದರೆ ವಿಭಾಗವಾರು ಸೀಟು ಹಂಚಿಕೆ! ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. 1162ರ ಶಾಸನ ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ದರ್ಶನಗಳು ಅಂತ ಪಠ್ಯಕ್ರಮವನ್ನೇ ಕೊಡತ್ತೆ.

ಈ ಮೂರೂ ಶಾಸನಗಳಲ್ಲಿ ಸೀಟು, ವಸತಿ, ವಿಷಯ, ಖರ್ಚು ಎಲ್ಲದರ ಲೆಕ್ಕ ಇದೆ. ಓದಿನ ಗಂಟೆಯ ಲೆಕ್ಕ ಇಲ್ಲ. ಕಾರಣ ಊಹಿಸೋದು ಕಷ್ಟವಲ್ಲ. ಒಬ್ಬ ಗುರುವಿನ ಬಳಿ ಮುಗಿಯುವವರೆಗೆ ಓದುವ ಪದ್ಧತಿಯಲ್ಲಿ ಅರ್ಧ ಓದನ್ನು ಇನ್ನೊಂದು ಕಡೆಗೆ ಸಾಗಿಸುವ ಪ್ರಶ್ನೆ ಬರಲ್ಲ. ಕ್ರೆಡಿಟ್ ಕೆಲಸಕ್ಕೆ ಬರೋದು ಇಂಥ ಸಾಗಣೆಗೆ. ಒಂದು ಕಾಲೇಜಿನ ಓದನ್ನು ಇನ್ನೊಂದು ಕಾಲೇಜು ಒಪ್ಪಿಕೊಳ್ಳಲು ಇಬ್ಬರಿಗೂ ಒಂದೇ ಅಳತೆ ಬೇಕು. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೇ ಉದ್ದೇಶದ್ದು. ನೋಂದಾಯಿತ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ ನಿಮ್ಮ ಖಾತೆಗೆ ಜಮಾ ಆಗತ್ತೆ, ಗರಿಷ್ಠ ಏಳು ವರ್ಷ ಇಡಬಹುದು. ಅಟ್ಟದ ಮೇಲಿನ ಕಾಯಿ ಇದ್ದ ಹಾಗೆ, ಅವಧಿ ಮೀರಿದರೆ ಉಪಯೋಗಕ್ಕೆ ಬರಲ್ಲ.

ಕರ್ನಾಟಕದ ಈಗಿನ ಸ್ಥಿತಿ

ನಮ್ಮ ರಾಜ್ಯದಲ್ಲಿ ಸ್ವಲ್ಪ ಗೊಂದಲ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಮಾದರಿ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಒಂದೇ ಮನೆಯ ಅಕ್ಕ ತಂಗಿಯರ ಅಂಕಪಟ್ಟಿಗಳು ಎರಡು ಬೇರೆ ಮಾದರಿಯಲ್ಲಿ ಇರಬಹುದು. ನನ್ನಂಥ ನಲವತ್ತು ದಾಟಿದವರ ಅಂಕಪಟ್ಟಿಯಲ್ಲಿ ಕ್ರೆಡಿಟ್ ಎಂಬ ಕಾಲಮ್ಮೇ ಇಲ್ಲ, ಬರೀ ಅಂಕ. ಅದರಿಂದ ಪದವಿಯ ಬೆಲೆ ಕಡಿಮೆ ಆಗಲ್ಲ. ಪ್ರವೇಶ ಕೊಡುವವರು ಶೇಕಡಾವಾರು ನೋಡ್ತಾರೆ.

ಈಗ ಒಂದೊಂದೇ ಮೆಟ್ಟಿಲು ನೋಡೋಣ.

ಪಿಯುಸಿ ಆದಮೇಲೆ: ಬಿ.ಎ.ಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯತ್ತೆ. ಕಲಾ ಪಿಯುಸಿ ಮಾಡಿ ಇಂಜಿನಿಯರಿಂಗ್‌ಗೆ ಹೋಗೋಕೆ ಆಗಲ್ಲ, ಆದರೆ ವಿಜ್ಞಾನ ಓದಿ ಬಿ.ಎ.ಗೆ ಬರಬಹುದು. ಶಾಸನವೇ ಗುರಿ ಅಂತ ಈಗಲೇ ಗಟ್ಟಿ ಇದ್ದರೆ ಇತಿಹಾಸ ಮತ್ತು ಐಚ್ಛಿಕ ಕನ್ನಡ ಎರಡೂ ಇರುವ ಕಾಂಬಿನೇಷನ್ ಹುಡುಕಿ. ಈ ಮೂರೂ ತಾಲ್ಲೂಕಿನ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯವು. ಯಾವ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆ ಅಂತ ಕಚೇರಿಯಲ್ಲೇ ಕೇಳಿ, ವರ್ಷ ವರ್ಷ ಬದಲಾಗತ್ತೆ.

ಪದವಿ ಆದಮೇಲೆ: ಎಂ.ಎ.ಯಲ್ಲಿ ಎರಡು ದಾರಿ. ಒಂದು ಇತಿಹಾಸದ ಕಡೆಯಿಂದ: ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ, ಇಂಥವು. ಇನ್ನೊಂದು ಕನ್ನಡ ಎಂ.ಎ.ಯ ಕಡೆಯಿಂದ, ಅಲ್ಲೂ ಶಾಸನಶಾಸ್ತ್ರದ ಪಾಠ ಇರತ್ತೆ. ಎರಡನೆಯದು ಕಡಿಮೆ ಅಂತ ತಿಳೀಬೇಡಿ. ಎಂ. ಚಿದಾನಂದಮೂರ್ತಿಯವರು ಬಂದದ್ದು ಕನ್ನಡದಿಂದಲೇ, ಅವರ ಪಿಎಚ್.ಡಿ. ಪ್ರಬಂಧವೇ "ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ".

ಬಿ.ಕಾಂ., ಬಿ.ಎಸ್ಸಿ., ಬಿ.ಇ. ಮಾಡಿದವರು ಪ್ರವೇಶ ಪ್ರಕಟಣೆಯಲ್ಲಿ ಒಂದೇ ಒಂದು ಸಾಲು ಹುಡುಕಿ. "ಯಾವುದೇ ಪದವಿ" ಅಂತ ಇದೆಯಾ, "ಪದವಿಯಲ್ಲಿ ಆ ವಿಷಯ ಓದಿರಬೇಕು" ಅಂತ ಇದೆಯಾ? ಮೊದಲನೆಯದಾದರೆ ಬಾಗಿಲು ತೆರೆದಿದೆ. ಎರಡನೆಯದಾದರೆ ಎಷ್ಟೇ ಅಂಕ ಇದ್ದರೂ ಅಲ್ಲಿ ಆಗಲ್ಲ, ಬೇರೆ ವಿಶ್ವವಿದ್ಯಾನಿಲಯ ನೋಡಿ. ಆಮೇಲೆ ಕನಿಷ್ಠ ಶೇಕಡಾವಾರು, ಪ್ರವೇಶ ಪರೀಕ್ಷೆ ಇದೆಯೋ ಇಲ್ಲವೋ. ಈ ಮೂರು ಗೊತ್ತಾದರೆ ಉಳಿದದ್ದು ಅರ್ಜಿ ತುಂಬೋದು.

ಕೆಲಸ ಬಿಡೋಕೆ ಆಗದವರಿಗೆ ದೂರಶಿಕ್ಷಣ ಇದೆ. ಇಲ್ಲಿಯೇ "ಯಾವ ಕೋಲು" ಪ್ರಶ್ನೆ ಅತಿ ಮುಖ್ಯ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ಸಿಕ್ಕಿತು. ಆ ನಡುವೆ ಸೇರಿದವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಅಂತ ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಿ. ಇನ್ನೊಂದು ಅನುಕೂಲ: 2022ರಿಂದ ಒಟ್ಟಿಗೆ ಎರಡು ಪದವಿ ಓದಲು ಯುಜಿಸಿ ಅನುಮತಿ ಇದೆ, ಒಂದು ತರಗತಿಯಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ.

ಪಿಎಚ್.ಡಿ.ಗೆ: ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲು ವರ್ಗಗಳಿಗೆ ಶೇ. 5 ಸಡಿಲಿಕೆ. ಆಮೇಲೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರಿಗೆ ಎಂ.ಎ. ಇಲ್ಲದೆಯೂ ಅವಕಾಶ ಇದೆ. ಆದರೆ ಬಿ.ಇ.ಯಲ್ಲಿ 75 ಇದೆ ಅಂತ ಶಾಸನದ ಪಿಎಚ್.ಡಿ.ಗೆ ನೇರ ನುಗ್ಗುವ ಯೋಚನೆ ಬೇಡ. ಸಂದರ್ಶನದಲ್ಲಿ ಕೇಳೋದು ಲಿಪಿ ಮತ್ತು ಹಳಗನ್ನಡ, ಕಾಂಕ್ರೀಟ್ ಅಲ್ಲ.

ಡಿಪ್ಲೊಮಾ ಎಂದರೆ?

ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ಬಿ.ಎಂ.ಶ್ರೀ ಪ್ರತಿಷ್ಠಾನದಂಥ ಸಂಸ್ಥೆಗಳು ಶಾಸನಶಾಸ್ತ್ರ, ಹಸ್ತಪ್ರತಿಶಾಸ್ತ್ರದ ಡಿಪ್ಲೊಮಾ ತರಗತಿ ನಡೆಸಿಕೊಂಡು ಬಂದಿವೆ. ಅಕ್ಷರ ಕಲಿಯೋಕೆ, ತಿದ್ದುವ ಗುರು ಸಿಗೋಕೆ ಇಂಥ ತರಗತಿಗೆ ಸಮನಾದದ್ದು ಇಲ್ಲ. ಆದರೆ ಡಿಪ್ಲೊಮಾ ಎಂ.ಎ.ಗೆ ಬದಲಿ ಅಲ್ಲ. ಅದನ್ನಷ್ಟೇ ತೋರಿಸಿ ಪಿಎಚ್.ಡಿ.ಗೆ, ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕೋಕೆ ಆಗಲ್ಲ. ಕೌಶಲ ಒಂದು, ಅರ್ಹತೆ ಇನ್ನೊಂದು.

ಇದಕ್ಕೆ ಉಲ್ಟಾ ಮಾತೂ ನಿಜ. ಒಂದು ಎಂ.ಎ. 80 ಕ್ರೆಡಿಟ್‌ನದು, ಅದರಲ್ಲಿ ಶಾಸನಕ್ಕೆ ಒಂದೇ ಪತ್ರಿಕೆ, 4 ಕ್ರೆಡಿಟ್ ಅಂತಿಟ್ಟುಕೊಳ್ಳಿ. ನೂರಕ್ಕೆ ಐದು ಪಾಲು, 60 ಗಂಟೆ. ಹೊಯ್ಸಳ ಕಾಲದ ಅಕ್ಷರ ಪರಿಚಯ ಆಗೋಕೆ ಅಷ್ಟು ಸಾಕು. ಬಾದಾಮಿ ಚಾಲುಕ್ಯರ ಕಾಲದ್ದು, ಸವೆದ ಕಲ್ಲು, ಸಂಸ್ಕೃತ ಬೆರೆತ ಪ್ರಶಸ್ತಿ, ಇವಕ್ಕೆಲ್ಲ ಸಾಲದು. ಆದ್ದರಿಂದ ಕೋರ್ಸಿನ ಹೆಸರು ನೋಡಿ ಸೇರಬೇಡಿ. ಪಠ್ಯಕ್ರಮ ತೆಗೆದು ಶಾಸನದ ಪತ್ರಿಕೆ ಎಷ್ಟು, ಅದರಲ್ಲಿ ಕ್ಷೇತ್ರಕಾರ್ಯ ಎಷ್ಟು ಅಂತ ಕೂಡಿಸಿ ನೋಡಿ.

ಯಾವುದಕ್ಕೆ ಯಾವುದು ಬೇಕು

ಕಲ್ಲು ಓದೋಕೆ, ಓದಿದ್ದನ್ನು ಲೇಖನ ಮಾಡೋಕೆ ಪದವಿ ಬೇಡ. ಪಾಠ ಸರಿ ಇದ್ದರೆ ಸಾಕು. ಸಂರಕ್ಷಿತ ಸ್ಮಾರಕದಲ್ಲಿ ಅಚ್ಚು ತೆಗೆಯಲು ಇಲಾಖೆಯ ಅನುಮತಿ ಬೇಕು, ಅದು ಪದವೀಧರರಿಗೂ ಅನ್ವಯ. ಕಾಲೇಜಿನಲ್ಲಿ ಪಾಠ ಮಾಡೋಕೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ದಾರಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ, ಅರಬ್ಬಿ-ಪಾರಸಿಯದು ನಾಗಪುರದಲ್ಲಿ. ಅಲ್ಲಿನ ಕೆಲಸ ಭಾಷೆವಾರು ಹಂಚಿದ್ದು. ಆ ಕಡೆ ಆಸೆ ಇರುವವರು ಎಂ.ಎ. ಆರಿಸುವ ಮೊದಲೇ ಹಳೆಯ ಹುದ್ದೆ ಪ್ರಕಟಣೆಯ "ಅಗತ್ಯ ಅರ್ಹತೆ" ಸಾಲು ಓದಿ. ಪದವಿ ಮುಗಿಸಿ ಓದಿದರೆ ತಡ.

ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟ ಬಂದದ್ದು 1904ರಲ್ಲಿ. ಅರಳಗುಪ್ಪೆ, ಶೆಟ್ಟಿಕೆರೆ, ನೊಣವಿನಕೆರೆ, ತುರುವೇಕೆರೆಯ ದೇವಾಲಯಗಳ ಕಲ್ಲುಗಳಿಗೆ ಒಂದಿಷ್ಟು ರಕ್ಷಣೆ ಇದೆ. ತೋಟದ ಬದುವಿನಲ್ಲಿ, ಕೆರೆ ಏರಿಯಲ್ಲಿ ನಿಂತಿರುವವಕ್ಕೆ ಇಲ್ಲ. ಬೋರ್ ಕೊರೆಸುವಾಗ, ಜೆಸಿಬಿ ತಿರುಗುವಾಗ ಪಕ್ಕದಲ್ಲಿ ನಿಂತು "ತಡೀರಿ, ಇದರಲ್ಲಿ ಬರಹ ಇದೆ" ಅನ್ನೋಕೆ ಊರಲ್ಲೇ ಒಬ್ಬರು ಇರಬೇಕು. ಅದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಆದರೆ ಮೈಸೂರಿನ, ಧಾರವಾಡದ, ತುಮಕೂರಿನ ವಿಭಾಗಗಳಲ್ಲಿ ಈ ಊರಿನ ಮಕ್ಕಳೂ ಕೂತು ಓದಿ ಬಂದರೆ ಆ ಮಾತಿಗೆ ತೂಕ ಹೆಚ್ಚು. ಈ ವರ್ಷ ಪದವಿ ಮುಗಿಸುವವರು ಮೊದಲು ಅಂಕಪಟ್ಟಿ, ಪ್ರವೇಶ ಪ್ರಕಟಣೆ, ಪಠ್ಯಕ್ರಮ ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಅನುಮಾನ ಇದ್ದರೆ ವಿಭಾಗಕ್ಕೇ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.