ನಾಳಿನ ನೆಲ ಕಣ್ಣಿಗೆ ಕಟ್ಟಿದಾಗ

ಗುಡ್ಡದ ಮೇಲೆ ಗಾಳಿಯಂತ್ರಗಳು ಬರಬೇಕೇ, ಹೊಲಗಳಿದ್ದಲ್ಲಿ ಬಡಾವಣೆ ಏಳಬೇಕೇ ಎಂದು ಜನರನ್ನು ಕೇಳುವಾಗ ಬಹುಕಾಲ ಅವರ ಮುಂದೆ ಹರಡುತ್ತಿದ್ದದ್ದು ನಕ್ಷೆಯನ್ನು. ಸಮೋನ್ನತ ರೇಖೆಗಳನ್ನು ಓದಿ ಗುಡ್ಡವನ್ನು ಮನಸ್ಸಿನಲ್ಲೇ ಕಂಡುಕೊಳ್ಳುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಆ ಕಷ್ಟವನ್ನು ಈಗ ಕಂಪ್ಯೂಟರಿನ ಮೂರು ಆಯಾಮದ ಚಿತ್ರಗಳು ನೀಗಿಸುತ್ತಿವೆ. ಉಪಾಯ ಮಾತ್ರ ಹಳೆಯದು. ಇಂಗ್ಲೆಂಡಿನ ಉದ್ಯಾನ ವಿನ್ಯಾಸಕ ಹಂಫ್ರಿ ರೆಪ್ಟನ್ (1752–1818) ತನ್ನ 'ರೆಡ್ ಬುಕ್'ಗಳಲ್ಲಿ ಜಮೀನಿನ ಈಗಿನ ನೋಟವನ್ನು ಜಲವರ್ಣದಲ್ಲಿ ಬರೆದು, ಅದರ ಮೇಲಿನ ಕಾಗದದ ಮಡಿಕೆ ಎತ್ತಿದರೆ ಮುಂದಿನ ನೋಟ ಕಾಣುವಂತೆ ಮಾಡುತ್ತಿದ್ದ. ಜಮೀನುದಾರ ಒಪ್ಪಲಿ ಎಂಬುದೇ ಅದರ ಉದ್ದೇಶ. ಇಂದಿನ ಚಿತ್ರಗಳಲ್ಲೂ ತಿಳಿಸುವುದು ಮತ್ತು ಒಪ್ಪಿಸುವುದು ಬೆರೆತುಕೊಂಡೇ ಇವೆ. ಹಾಗಾಗಿ ಚಿತ್ರ ಎಷ್ಟು ನೈಜ ಎಂಬುದಕ್ಕಿಂತ, ಅದನ್ನು ಪ್ರಶ್ನಿಸುವ ಅವಕಾಶ ನೋಡುಗನಿಗೆ ಎಷ್ಟಿದೆ ಎಂಬುದೇ ಮುಖ್ಯ.

ಈ ಚಿತ್ರಗಳು ಮನಸ್ಸಿಗೆ ನಾಟುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಕೆನಡಾದ ವ್ಯಾಂಕೂವರ್ ಬಳಿ, ಫ್ರೇಸರ್ ನದಿ ಸಮುದ್ರ ಸೇರುವಲ್ಲಿ ಡೆಲ್ಟಾ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ಹೊಲ, ಮನೆಗಳನ್ನು ಕಾಯುವುದು ಒಡ್ಡುಗಳು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಶೆಪರ್ಡ್ ತಂಡ ಕಡಲಮಟ್ಟ ಏರಿದಾಗ ಅದೇ ಬೀದಿಗಳು ಹೇಗೆ ಕಂಡಾವು, ಒಡ್ಡು ಎತ್ತರಿಸಿದರೆ ಏನಾದೀತು ಎಂದು ಚಿತ್ರಿಸಿ ನಿವಾಸಿಗಳಿಗೆ ತೋರಿಸಿತು. ದೂರದ ಅಂಕಿಅಂಶವಾಗಿದ್ದ ಹವಾಮಾನ ಬದಲಾವಣೆ ತಮ್ಮ ಬೀದಿಯಲ್ಲೇ ಕಂಡಾಗ ಜನರ ಕಾಳಜಿ ಹೆಚ್ಚಿತು. ಆದರೆ ಚಿತ್ರ ಕಟ್ಟಿದ ಬಗೆಯೂ ತೀರ್ಪನ್ನು ತಿರುಗಿಸಬಲ್ಲದು. ಟೆರಿ ಡೇನಿಯಲ್ ಮತ್ತು ಮೈಕೆಲ್ ಮೈಟ್ನರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕಾಡಿನ ನೋಟಗಳನ್ನು ನೈಜತೆಯ ಬೇರೆ ಬೇರೆ ಮಟ್ಟಗಳಲ್ಲಿ ತೋರಿಸಿದಾಗ, ಅವುಗಳ ಸೌಂದರ್ಯಕ್ಕೆ ಜನ ಕೊಟ್ಟ ಅಂಕಗಳು ತಾಳೆಯಾಗಲಿಲ್ಲ. ಮುದ್ರಣದ ಗಾತ್ರವೂ ಇಂಥದೇ. ವಿಶಾಲ ನೋಟವನ್ನು ಪುಟ್ಟ ಹಾಳೆಗೆ ಕುಗ್ಗಿಸಿದರೆ, ಲೆಕ್ಕವೆಲ್ಲ ಸರಿಯಿದ್ದರೂ, ಗಾಳಿಯಂತ್ರಗಳು ಸ್ಥಳದಲ್ಲಿ ನಿಂತು ನೋಡಿದಾಗ ಕಾಣುವುದಕ್ಕಿಂತ ಸಣ್ಣವೆನಿಸುತ್ತವೆ. ಸ್ಕಾಟ್‌ಲೆಂಡಿನ ಪ್ರಕೃತಿ ಸಂರಕ್ಷಣಾ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಪರಿಷ್ಕರಿಸಿ ದೊಡ್ಡ ಚಿತ್ರಗಳನ್ನೇ ಕೇಳಿತು.

ನಕ್ಷೆಯೂ ಬೇಕಾದ್ದನ್ನು ಆರಿಸಿ ಬೇಡದ್ದನ್ನು ಬಿಡುತ್ತದಲ್ಲವೇ ಎಂದು ಕೇಳಬಹುದು. ನಿಜ. ಆದರೆ ತಾನು ಸಂಕೇತಗಳ ಹಾಳೆ ಎಂಬುದನ್ನು ನಕ್ಷೆ ಮುಚ್ಚಿಡುವುದಿಲ್ಲ. ಎಲೆಎಲೆಯೂ ಕಾಣುವ ಚಿತ್ರವೋ ಇನ್ನೂ ಆಗದಿರುವುದನ್ನು ಆಗಿಹೋದಂತೆ ತೋರಿಸುತ್ತದೆ. ಯಾವ ಋತು, ಯಾವ ಬೆಳಕು, ಎಲ್ಲಿಂದ ನೋಟ ಎಂಬ ತೀರ್ಮಾನಗಳೆಲ್ಲ ಅದರೊಳಗೆ ಅಡಗಿಬಿಡುತ್ತವೆ. ಹಾಗಾದರೆ ಒರಟು ಚಿತ್ರವೇ ಪ್ರಾಮಾಣಿಕವೇ? ಅದೂ ಅಲ್ಲ. ಇಂಗ್ಲೆಂಡಿನ ಆ್ಯಪಲ್ಟನ್ ಮತ್ತು ಲೊವೆಟ್ ಅವರ 2003ರ ಅಧ್ಯಯನದ ಪ್ರಕಾರ, ಮುನ್ನೆಲೆಯ ಗಿಡಮರಗಳ ವಿವರವಿದ್ದರೆ ಜನ ಆ ಸ್ಥಳವನ್ನು ಕಲ್ಪಿಸಿಕೊಳ್ಳಲು ಸುಲಭ. ವಿವರ ಕಡಿಮೆ ಮಾಡುವುದರಿಂದ ನಂಬಿಕೆ ಬರುವುದಿಲ್ಲ. ತೀರ್ಮಾನಗಳನ್ನು ಬಯಲಿಗಿಡುವುದರಿಂದ ಬರುತ್ತದೆ. ಇಂಥ ಚಿತ್ರಕಾರರಿಗೊಂದು ನೀತಿಸಂಹಿತೆ ಬೇಕೆಂದು ಶೆಪರ್ಡ್ 2001ರಲ್ಲೇ ವಾದಿಸಿದ್ದರು. ಇದರಿಂದ ಖರ್ಚು ಹೆಚ್ಚುತ್ತದೆ, ನಿರ್ಧಾರ ತಡವಾಗುತ್ತದೆ ಎಂಬ ಆಕ್ಷೇಪವೂ ಉಂಟು. ಆದರೆ ಒಮ್ಮೆ ಕಟ್ಟಿದ ಒಡ್ಡನ್ನೋ ಬಡಾವಣೆಯನ್ನೋ ತಲೆಮಾರುಗಳವರೆಗೆ ಸರಿಸಲಾಗದು. ಆದ್ದರಿಂದ ಯೋಜನೆ ತರುವವರು ತಮಗಿಷ್ಟವಾದ ಒಂದೇ ಚಿತ್ರ ತೋರಿಸಿ ಒಪ್ಪಿಗೆ ಕೇಳಬಾರದು. ಬೇರೆ ಆಯ್ಕೆಗಳ ಚಿತ್ರವನ್ನೂ ಜೊತೆಗಿಡಬೇಕು, ಊಹಿಸಿದ್ದೇನು ಎಂದು ಬರೆಯಬೇಕು, ಎಲ್ಲಿ ನಿಂತು ನೋಡಬೇಕೆಂಬುದನ್ನು ಆ ನೆಲದಲ್ಲಿ ಬಾಳುವವರೇ ಆರಿಸಬೇಕು.