ಪ್ರತಿ ಇದ್ದರಷ್ಟೇ ಸಾಲದು

2024ರ ಜುಲೈ 19ರಂದು ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಪೂರಿತ ಕಡತವೊಂದು ಅದಕ್ಕೆ ಕಾರಣ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆ ಯಂತ್ರಗಳಲ್ಲಿದ್ದ ದಾಖಲೆಗಳು ಅಳಿಸಿಹೋಗಿರಲಿಲ್ಲ. ಯಂತ್ರವನ್ನು ಎಬ್ಬಿಸಬೇಕಾದ ವ್ಯವಸ್ಥೆಯೇ ಮುಗ್ಗರಿಸಿತ್ತು.

ನನ್ನ ಓರಗೆಯ ನಿವೃತ್ತರು ಮೊಮ್ಮಕ್ಕಳ ಛಾಯಾಚಿತ್ರಗಳನ್ನು ಎರಡು ಮೂರು ಕಡೆ ಜೋಪಾನವಾಗಿರಿಸಿರುತ್ತಾರೆ. ಆದರೆ ಕಾರ್ಯಾಚರಣ ವ್ಯವಸ್ಥೆ ನೆಲೆಸಿರುವ ‘ಸಿ’ ವಿಭಾಗಕ್ಕೆ ಪ್ರತಿಯೇ ಇರುವುದಿಲ್ಲ. ಅದು ಕೆಟ್ಟರೆ ವಿಂಡೋಸನ್ನು ಹೊಸದಾಗಿ ಅಳವಡಿಸಿ, ಪ್ರಿಂಟರಿನ ಡ್ರೈವರ್, ಕನ್ನಡದ ಕೀಲಿಮಣೆ, ಲೆಕ್ಕಪತ್ರದ ತಂತ್ರಾಂಶ, ಅದರ ಪರವಾನಗಿ ಸಂಖ್ಯೆ ಎಲ್ಲವನ್ನೂ ಹುಡುಕಿ ಜೋಡಿಸುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ನಿವೃತ್ತರ ಸಮಯಕ್ಕೆ ಬೆಲೆಯಿಲ್ಲವೆಂದು ಅರ್ಥಶಾಸ್ತ್ರ ಎಲ್ಲಿಯೂ ಹೇಳಿಲ್ಲ.

ಇಡೀ ವಿಭಾಗದ ಪ್ರತಿಬಿಂಬವನ್ನು ತೆಗೆದಿಡಲು ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿದರೆ, ಬಳಕೆಯಾಗಿರುವ ಭಾಗವನ್ನಷ್ಟೇ ಅದು ಹೊರಗಿನ ಡಿಸ್ಕಿಗೆ ಇಳಿಸುತ್ತದೆ. ಬಿಟ್‌ಲಾಕರ್ ಬೀಗ ಹಾಕಿದ ವಿಭಾಗದಲ್ಲಿ ಈ ವಿಂಗಡಣೆ ಸಾಧ್ಯವಿಲ್ಲ. ಖಾಲಿ ಜಾಗವೂ ನಕಲಾಗುವುದರಿಂದ ದೊಡ್ಡ ಡಿಸ್ಕೇ ಬೇಕು. ಕಣ್ಣಿಗೆ ಕಾಣದ ಪುಟ್ಟ ‘ಇಎಫ್‌ಐ’ ವಿಭಾಗವನ್ನೂ ಮರೆಯಬಾರದು. ಇಂದಿನ ಯಂತ್ರಗಳು ಎಚ್ಚರಗೊಳ್ಳುವಾಗ ಮೊದಲು ಹುಡುಕುವುದು ಅದನ್ನೇ.

ಇಷ್ಟಾದ ಮೇಲೆ ಬಹುಮಂದಿ ನಿಶ್ಚಿಂತರಾಗುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಒಮ್ಮೆಯೂ ಮರುಸ್ಥಾಪಿಸಿ ನೋಡದ ಪ್ರತಿಯನ್ನು ಭೌತಿಕ ಪರಿಶೀಲನೆ ನಡೆಯದ ದಾಸ್ತಾನಿನಂತೆ ಕಾಣಬೇಕು. ಪುಸ್ತಕದಲ್ಲಿ ಲೆಕ್ಕವಿರುತ್ತದೆ, ಉಗ್ರಾಣದಲ್ಲಿ ಸರಕಿದೆಯೋ ಇಲ್ಲವೋ ತಿಳಿಯದು. ಆರು ತಿಂಗಳಿಗೊಮ್ಮೆ ನಾನು ಪ್ರತಿಯನ್ನು ಬೇರೊಂದು ಡಿಸ್ಕಿನ ಮೇಲೆ ಇಳಿಸಿ, ಯಂತ್ರ ಅದರಿಂದ ಎದ್ದು ನಿಲ್ಲುವುದೇ ಎಂದು ಪರೀಕ್ಷಿಸುತ್ತೇನೆ. ಮನೆಯವರಿಗೆ ಇದು ಹಳೆಯ ತಪಾಸಣೆಯ ಚಟ! ಆ ಡಿಸ್ಕ್ ಮೂಲದ್ದಕ್ಕಿಂತ ಚಿಕ್ಕದಿರಬಾರದು. ಗುರಿಯ ಡಿಸ್ಕನ್ನು ಆರಿಸುವಾಗ ಹೆಸರು, ಗಾತ್ರಗಳನ್ನು ಎರಡು ಬಾರಿ ಓದಬೇಕು, ಏಕೆಂದರೆ ಅಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಡೆಸ್ಕ್‌ಟಾಪ್‌ನಲ್ಲಿಟ್ಟ ಪತ್ರಗಳು ಸಾಮಾನ್ಯವಾಗಿ ‘ಸಿ’ಯಲ್ಲಿಯೇ ಇರುತ್ತವೆ. ಜನವರಿಯ ಪ್ರತಿಯನ್ನು ಜೂನ್‌ನಲ್ಲಿ ಅದೇ ಜಾಗಕ್ಕೆ ಮರಳಿಸಿದರೆ ನಡುವಿನ ಐದು ತಿಂಗಳ ಪತ್ರಗಳು ಹೋದಂತೆಯೇ. ಅವುಗಳಿಗೆ ಪ್ರತ್ಯೇಕ ಪ್ರತಿ ಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದೇ ಯಂತ್ರದಲ್ಲಿ 11ಕ್ಕೆ ಹೋಗಲು ಹೊರಟವರು ಮೊದಲು ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಇನ್ನು ಬೀಗದ ಮಾತು. 2024ರ ಆ ದಿನ ಬಿಟ್‌ಲಾಕರ್ ಇದ್ದ ಯಂತ್ರಗಳ ದುರಸ್ತಿಗೆ 48 ಅಂಕಿಗಳ ಕೀಲಿಸಂಖ್ಯೆ ಬೇಕಾಗಿ ಕೆಲಸ ಇನ್ನಷ್ಟು ತಡವಾಯಿತು. ಮರುಸ್ಥಾಪನೆಯಾದ ಡಿಸ್ಕೂ ಅದನ್ನೇ ಕೇಳಬಹುದು. ಖಜಾನೆಯ ನಕಲು ಕೀಲಿಯನ್ನು ಆ ಖಜಾನೆಯೊಳಗೇ ಯಾರಾದರೂ ಇಡುತ್ತಾರೆಯೇ? ನನ್ನ ಕೀಲಿಸಂಖ್ಯೆ ಕಾಗದದ ಮೇಲೆ, ಪಿಂಚಣಿ ಆದೇಶದ ಕಡತದಲ್ಲಿದೆ. ಅದು ಎಲ್ಲಿದೆಯೆಂದು ಮಗಳಿಗೂ ತಿಳಿಸಿದ್ದೇನೆ.